ಜನನ ಪ್ರಮಾಣಪತ್ರದ ಪಿಡಿಎಫ್ ಫೈಲೇ ಮೂಲ ಪ್ರತಿ

ಕರ್ನಾಟಕದ ಜನನ-ಮರಣ ನೋಂದಣಿ ಪೋರ್ಟಲ್ ಆದ ಇ-ಜನ್ಮದಿಂದ ಬಂದ ಜನನ ಪ್ರಮಾಣಪತ್ರವನ್ನು ಎಷ್ಟೋ ಜನ ಪ್ರಿಂಟ್ ಹಾಕಿಸಿ, ಲ್ಯಾಮಿನೇಶನ್ ಮಾಡಿಸಿ, ಬೀರುವಿನಲ್ಲಿ ಜೋಪಾನವಾಗಿಡುತ್ತಾರೆ. ಪಿಡಿಎಫ್ ಮಾತ್ರ ಫೋನಿನಿಂದ ಅಳಿಸಿ ಹೋಗಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನೋಂದಣಾಧಿಕಾರಿಯ ಡಿಜಿಟಲ್ ಸಹಿ ಇರುವುದು ಫೈಲಿನೊಳಗೆ. ಕಾಗದದ ಮೇಲೆ ಕಾಣುವುದು ಅದರ ಗುರುತು ಅಷ್ಟೇ. ವಾಟ್ಸಾಪಿನಲ್ಲೂ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಸ್ಕ್ರೀನ್‌ಶಾಟ್ ತೆಗೆದರೆ, 'ಪ್ರಿಂಟ್ ಟು ಪಿಡಿಎಫ್' ಕೊಟ್ಟರೆ ಆ ಪ್ರತಿಯಲ್ಲಿ ಸಹಿ ಉಳಿಯುವುದಿಲ್ಲ.

ಕಂಪ್ಯೂಟರಿನ ಅಡೋಬಿ ರೀಡರ್‌ನಲ್ಲಿ ಈ ಫೈಲು ತೆರೆದರೆ ಸಹಿಯ ಮೇಲೆ ಹಳದಿ ಪ್ರಶ್ನೆ ಗುರುತು, 'ವ್ಯಾಲಿಡಿಟಿ ಅನ್‌ನೋನ್' ಎಂದು ಬಂದು ಎಷ್ಟೋ ಜನ ಗಾಬರಿಯಾಗುತ್ತಾರೆ. ಪತ್ರ ನಕಲಿ ಎಂದು ಅದರರ್ಥವಲ್ಲ. ಸಹಿಗೆ ಮೂಲವಾದ 'ಸಿಸಿಎ ಇಂಡಿಯಾ' (ದೇಶದ ಡಿಜಿಟಲ್ ಸಹಿ ವ್ಯವಸ್ಥೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಸರ್ಟಿಫಿಕೇಟ್ ಆ ಕಂಪ್ಯೂಟರಿನ ನಂಬಿಕೆಯ ಪಟ್ಟಿಯಲ್ಲಿ ಇಲ್ಲ, ಅಷ್ಟೇ. ಸಹಿಯ ಮೇಲೆ ಕ್ಲಿಕ್ ಮಾಡಿ 'ಸಿಗ್ನೇಚರ್ ಪ್ರಾಪರ್ಟೀಸ್', ಅಲ್ಲಿಂದ 'ಶೋ ಸೈನರ್ಸ್ ಸರ್ಟಿಫಿಕೇಟ್'ಗೆ ಹೋಗಿ. ಎಡಗಡೆಯ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ ಸಿಸಿಎ ಇಂಡಿಯಾ ಹೆಸರೇ ಇದೆಯೇ ನೋಡಿ, ಅದನ್ನು ಆರಿಸಿ 'ಟ್ರಸ್ಟ್' ಟ್ಯಾಬಿನಲ್ಲಿ ಸೇರಿಸಿ, ಮತ್ತೆ ವ್ಯಾಲಿಡೇಟ್ ಮಾಡಿ. ಹಸಿರು ಟಿಕ್ ಬರುತ್ತದೆ. ಸಹಿ ಹಾಕಿದ ಮೇಲೆ ಫೈಲು ಬದಲಾಗಿದೆ ಎಂದು ತೋರಿಸಿದರೆ ಮಾತ್ರ ಪೋರ್ಟಲ್‌ನಿಂದ ಹೊಸದಾಗಿ ಇಳಿಸಿಕೊಳ್ಳಿ.

ಇಷ್ಟಾದರೂ ಕೌಂಟರಿನಲ್ಲಿ 'ರೌಂಡ್ ಸೀಲ್ ಹಾಕಿಸಿಕೊಂಡು ಬನ್ನಿ' ಎನ್ನುವುದು ಅನ್ಯಾಯ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 5ನೇ ಕಲಂ ಡಿಜಿಟಲ್ ಸಹಿಗೆ ಕೈಸಹಿಯ ಮಾನ್ಯತೆ ಕೊಟ್ಟಿದೆ. ಡಿಜಿಲಾಕರ್‌ನ 'ಇಶ್ಯೂಡ್' ವಿಭಾಗದ ದಾಖಲೆಯೂ ಮೂಲ ಪ್ರತಿಗೆ ಸಮ (ನಾವೇ ಸ್ಕ್ಯಾನ್ ಮಾಡಿ ಏರಿಸಿದ್ದಕ್ಕೆ ಆ ಬೆಲೆ ಇಲ್ಲ). ಒಂದು ಸೀಲಿಗಾಗಿ ದಿನಗೂಲಿಯವರು ಕೆಲಸ ಬಿಟ್ಟು ಓಡಾಡುವಂತೆ ಆಗಬಾರದು.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಶಾಲೆ, ಮತದಾರರ ಪಟ್ಟಿ, ಡಿಎಲ್, ಸರ್ಕಾರಿ ನೌಕರಿ, ಪಾಸ್‌ಪೋರ್ಟ್ ಎಲ್ಲಕ್ಕೂ ಜನ್ಮದಿನಾಂಕದ ಪುರಾವೆ ಈ ಜನನ ಪ್ರಮಾಣಪತ್ರವೊಂದೇ. ಹಾಗಾಗಿ ಒಂದಕ್ಷರ ತಪ್ಪಿದರೂ ಮುಂದೆ ಪೇಚಾಟ. ನೋಂದಣಿ ಆಗುವುದು ಹೆರಿಗೆಯಾದ ಊರಿನಲ್ಲಿ. ಬೆಂಗಳೂರಿನ ಮನೆಯಾಕೆ ದಾವಣಗೆರೆಯ ತವರಿನಲ್ಲಿ ಹೆತ್ತರೆ ದಾಖಲೆ ಸಿಗುವುದು ದಾವಣಗೆರೆಯಲ್ಲೇ. 21 ದಿನದೊಳಗೆ ವರದಿಯಾದರೆ ಶುಲ್ಕವಿಲ್ಲ. ನೋಂದಣಿ ಮುಗಿದ 7 ದಿನದೊಳಗೆ ಮಾಹಿತಿ ಕೊಟ್ಟವರಿಗೆ ಪತ್ರವನ್ನು ಉಚಿತವಾಗಿ ಕೊಡಬೇಕು. ಹೆಸರಿಡದೆಯೂ ನೋಂದಾಯಿಸಬಹುದು, 12 ತಿಂಗಳೊಳಗೆ ಹೆಸರು ಸೇರಿಸಿದರೆ ಹಣವಿಲ್ಲ, ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಬೇಕು.

ಹೆಚ್ಚಿನ ತಪ್ಪು ಹುಟ್ಟುವುದು ಆಸ್ಪತ್ರೆಯ ಫಾರಂ 1ರಲ್ಲಿ, ಅಂದರೆ ಜನನ ವರದಿಯ ನಮೂನೆಯಲ್ಲಿ. ಅಪ್ಪನ ಹೆಸರು ಆಧಾರ್‌ನಲ್ಲಿ 'ಮಂಜುನಾಥ ಶಿವಪ್ಪ', ಫಾರಂನಲ್ಲಿ 'ಮಂಜುನಾಥ ಎಸ್.' ಎಂದಿರುತ್ತದೆ. ಡಿಸ್ಚಾರ್ಜ್ ಆಗುವ ಮೊದಲೇ ಆ ಫಾರಂ ಕೈಗೆ ತೆಗೆದುಕೊಂಡು, ತಂದೆ ತಾಯಿ ಇಬ್ಬರ ಆಧಾರ್ ಪಕ್ಕಕ್ಕಿಟ್ಟು, ಕನ್ನಡ ಇಂಗ್ಲಿಷ್ ಎರಡರಲ್ಲೂ ಅಕ್ಷರ ಅಕ್ಷರ ಓದಿ ಸಹಿ ಮಾಡಿ.