ಹಣ್ಣಾದ ಕಾಯಿ

ಕಳೆದ ಭಾನುವಾರ ತಂಗಿಯ ಮಗಳೊಡನೆ, ಕವಡೆ ಹಾಕಿ ಕಾಯಿ ನಡೆಸುವ ಚೌಕಾಬಾರ ಆಡುತ್ತಿದ್ದಾಗ ಅವಳ ನಾಲ್ಕನೆಯ ಕಾಯಿಯೂ ಹೊರಸುತ್ತಿನ ಕೊನೆಯ ಮನೆಗೆ ಬಂದು ಉಳಿದ ಮೂರರ ಜೊತೆ ನಿಂತಿತು. ಕವಡೆ ಹಾಕಿದರೆ ಅವಳ ಮುಂದಿನ ಗರ ಮೂರು ಬಿತ್ತು. ಆಟ ಅಲ್ಲಿಗೇ ಕೆಟ್ಟಿತು. ಬಟ್ಟೆಯ ಹಾಸಿನೊಂದಿಗೆ ಅಂಗಡಿಯವರು ಕೊಟ್ಟಿದ್ದ ನಿಯಮಗಳ ಚೀಟಿಯನ್ನು ಅವಳು ಗಟ್ಟಿಯಾಗಿ ಓದಿದಳು. ನಾಲ್ಕನೆಯ ನಿಯಮದಂತೆ ಬಿದ್ದ ಗರವನ್ನು ನಡೆಸಲೇಬೇಕು. ಏಳನೆಯದರಂತೆ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದವರು ಒಳಸುತ್ತಿಗೆ ಹೋಗುವಂತಿಲ್ಲ. ಅವಳು ಯಾರನ್ನೂ ಹೊಡೆದಿರಲಿಲ್ಲ. "ಮಾವ, ಹೋಗೋ ಹಾಗಿಲ್ಲ, ನಿಲ್ಲೋ ಹಾಗೂ ಇಲ್ಲ," ಎಂದಳು.

ನಮ್ಮ ಮನೆಯ ಪದ್ಧತಿಯಂತೆ ಇನ್ನೊಂದು ಸುತ್ತು ಹಾಕು ಎಂದೆ. ಯಾರನ್ನು ಹೊಡೆಯಲು ಸುತ್ತಬೇಕು ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆಯೇ; ನನ್ನ ಕಾಯಿಗಳಲ್ಲಿ ಎರಡು ನಡುಮನೆ ಸೇರಿ ಹಣ್ಣಾಗಿದ್ದವು, ಎರಡು ಒಳಸುತ್ತಿನಲ್ಲಿದ್ದವು. ಈ ಕುರಿತು ನಾನು ಅಂಗಡಿಗೆ ಪತ್ರವನ್ನೂ ಬರೆದೆ. "ನಿಮ್ಮ ಮನೆಯ ಪದ್ಧತಿಯಂತೆ ಆಡಿ" ಎಂಬ ಉತ್ತರ ಬಂತು. ನಮ್ಮ ಮನೆಯ ಪದ್ಧತಿ ಎಂಥದ್ದೆಂದು ಗೊತ್ತಿದ್ದುದರಿಂದಲೇ ನಾನು ಹಣ ಕೊಟ್ಟು ಚೀಟಿಯಿರುವ ಹಾಸನ್ನು ಕೊಂಡದ್ದು.

ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಯ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆಬೀಜಗಳನ್ನು ಕವಡೆಗೆ ಬದಲಾಗಿ ಹಾಕುತ್ತಿದ್ದೆವು. ಒಂದು ಮಧ್ಯಾಹ್ನ ಅಜ್ಜಿಯ ಕಾಯಿಗಳೂ ಅಣ್ಣನ ಕಾಯಿಗಳೂ ಹಣ್ಣಾಗಿ, ಸೋದರತ್ತೆಯ ಒಂದೇ ಒಂದು ಕಾಯಿ ನಡುಮನೆಯ ಪಕ್ಕದಲ್ಲಿ ಒಂದಕ್ಕಾಗಿ ಕಾಯುತ್ತಿತ್ತು. ಯಾರನ್ನೂ ಹೊಡೆಯದ ನಾನು ಹೊರಸುತ್ತಿನ 16 ಮನೆಗಳನ್ನು ಗಾಣದೆತ್ತಿನಂತೆ ಸುತ್ತುತ್ತಿದ್ದೆ. ಅತ್ತೆಗೆ ಒಂದು ಬಿಟ್ಟು ಉಳಿದದ್ದೆಲ್ಲ ಬಿತ್ತು. ಹತ್ತಾರು ಸರದಿ ಕಳೆದ ಮೇಲೆ, ಅವರೆಕಾಳು ಬಿಡಿಸುತ್ತ ಕೂತಿದ್ದ ಅಜ್ಜಿ ನಡುಮನೆಯಿಂದ ತನ್ನ ಕಾಯಿಯಾಗಿದ್ದ ಒಂದು ಬಳೆಚೂರನ್ನು ಎತ್ತಿ, ನನ್ನ ಕಾಯಿಯ ಮುಂದೆ ಎರಡನೆಯ ಮನೆಯಲ್ಲಿಟ್ಟು, "ತಗೋ, ಹೊಡಿ" ಎಂದಳು.

"ಹಣ್ಣಾದದ್ದು ಮತ್ತೆ ಕಾಯಾಗುತ್ತೇನಮ್ಮ?" ಎಂದು ಅತ್ತೆ ಜಗಳಕ್ಕೇ ನಿಂತಳು. ತರ್ಕಕ್ಕಾಗಲಿ ಮಾವಿನ ಮರಕ್ಕಾಗಲಿ ಉತ್ತರವಿಲ್ಲದ ಪ್ರಶ್ನೆ ಅದು. ಅಜ್ಜಿ ಕೂಡ ಉತ್ತರಿಸಲಿಲ್ಲ. ನನಗೆ ಬೇಕಿದ್ದದ್ದು ಎರಡು, ಬಿದ್ದದ್ದು ಮೂರು. ಅತ್ತೆಗೆ ಮತ್ತೆ ಎರಡು. ಆಗ ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟು ಹುಣಸೆಬೀಜಕ್ಕೆ ಕೈ ಚಾಚಿದಳು. ಕಾಯಿ ಆಟಕ್ಕೆ ಬಂದ ಮೇಲೆ ಸರದಿಯೂ ಬರಲೇಬೇಕಲ್ಲ! ಚೌಕ ಬಿತ್ತು. ಅವಳ ಬಳೆಚೂರಿನಿಂದ ಸರಿಯಾಗಿ ನಾಲ್ಕನೆಯ ಮನೆಯಲ್ಲಿ ನನ್ನ ಇನ್ನೊಂದು ಕಾಯಿ ನಿಂತಿತ್ತು. ಬಿದ್ದ ಗರವನ್ನು ನಡೆಸದೆ ಬಿಡಬಾರದು ಎಂದು ಹೇಳುತ್ತಲೇ ಅದನ್ನು ಹೊಡೆದು, ಹೊಡೆದದ್ದಕ್ಕೆ ಸಿಗುವ ಇನ್ನೊಂದು ಗರವನ್ನೂ ಹಾಕಿದಳು. ನಲವತ್ತು ವರ್ಷವಾದರೂ ಅದು ಅನ್ಯಾಯವೆಂದೇ ನನ್ನ ವಾದ.

ದೊಡ್ಡವರ ಆಟಗಳಲ್ಲಿ ಇಂಥದ್ದು ನಡೆಯುವುದಿಲ್ಲವೆಂದು ಆಗ ನಂಬಿದ್ದೆ. 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್ ಸಮವಾಗಿ, ಸೂಪರ್ ಓವರ್ ಕೂಡ ಸಮವಾದಾಗ, ಬೌಂಡರಿ ಎಣಿಸಿ 26 ಹೊಡೆದ ಇಂಗ್ಲೆಂಡಿಗೆ ಕಪ್ ಕೊಟ್ಟು 17 ಹೊಡೆದ ನ್ಯೂಜಿಲೆಂಡನ್ನು ಬರಿಗೈಯಲ್ಲಿ ಕಳಿಸಿದ ಐಸಿಸಿ, ಅಕ್ಟೋಬರಿನಲ್ಲಿ ಆ ನಿಯಮವನ್ನೇ ಕೈಬಿಟ್ಟಿತು. ಅಜ್ಜಿ ಆಟ ಮುಗಿಯುವುದರೊಳಗೇ ತಿದ್ದುತ್ತಿದ್ದಳು. ಅಷ್ಟರ ಮಟ್ಟಿಗೆ ಅವಳೇ ವಾಸಿ.

ಈ ಇಕ್ಕಟ್ಟುಗಳಿಂದ ನಾನು ಕಂಡುಕೊಂಡದ್ದೇನೆಂದು ಹುಡುಗಿಗೆ ವಿವರಿಸಬೇಕೆಂದಿದ್ದೆ. ಅಷ್ಟರಲ್ಲಿ ಅವಳು, "ಮಾವ, ಬೇಗ ಹೇಳು," ಎಂದಳು. ನನ್ನ ಹಣ್ಣೊಂದನ್ನು ನಡುಮನೆಯಿಂದ ಎತ್ತಿ ಹೊರಸುತ್ತಿನಲ್ಲಿಟ್ಟು, ತಗೋ, ಹೊಡಿ ಎಂದೆ. ಹೀಗೆಂದು ಬರೆದೇ ಇಲ್ಲವಲ್ಲ ಎಂದು ಚೀಟಿಯನ್ನು ತಿರುಗಿಸಿ ನೋಡಿದಳಾದರೂ ಕವಡೆಗಳು ಆಗಲೇ ಅವಳ ಕೈಯಲ್ಲಿದ್ದವು. ನಾನು ಕಾಯಿಯನ್ನಿಟ್ಟದ್ದು ಯಾರೂ ಹೊಡೆಯಲಾಗದ ಕಟ್ಟೆಯ ಮನೆಯಲ್ಲಿ ಎಂಬುದನ್ನು ಅವಳಿನ್ನೂ ಗಮನಿಸಿರಲಿಲ್ಲ.