ದೊಡ್ಡ ಕ್ಲಾಸಿನ ಮಕ್ಕಳು ಚಿಕ್ಕವರಿಗೆ ಕಲಿಸಬೇಕಾ?

ಪರ: ಕಲಿತದ್ದು ನಾನೇ

ಎಂಟನೇ ಕ್ಲಾಸಿನಲ್ಲಿ ನಾನು ಗಣಿತದಲ್ಲಿ ಹಿಂದೆ. ಉತ್ತರಪತ್ರಿಕೆ ಹಂಚುವಾಗ ಮೇಷ್ಟ್ರು ನನ್ನದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದರು. ಅಂಥ ನನ್ನನ್ನು ವಾರಕ್ಕೆ ಎರಡು ದಿನ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿಗೆ ಭಿನ್ನರಾಶಿ ಹೇಳಿಕೊಡಲು ಕೂರಿಸಿದರು. ಬೇರೆ ಯಾರೂ ಸಿಗಲಿಲ್ಲವೇನೋ ಅಂದುಕೊಂಡೆ.

ಮೊದಲ ದಿನವೇ ಅವಳು ಕೇಳಿದಳು: "ಅಕ್ಕ, ನಾಲ್ಕಕ್ಕಿಂತ ಎಂಟು ದೊಡ್ಡದಲ್ವಾ? ಮತ್ತೆ ಎಂಟನೇ ಒಂದು ಭಾಗ ನಾಲ್ಕನೇ ಒಂದು ಭಾಗಕ್ಕಿಂತ ಹೇಗೆ ಚಿಕ್ಕದು?"

ನನಗೆ ಗೊತ್ತಿರಲಿಲ್ಲ. ಛೇದ ದೊಡ್ಡದಾದರೆ ಬೆಲೆ ಕಡಿಮೆ ಅಂತ ಬಾಯಿಪಾಠ ಇತ್ತು, ಅಷ್ಟೇ. ಯಾಕೆ ಅಂತ ಅಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. "ಮುಂದಿನ ಸಲ ಹೇಳ್ತೀನಿ" ಅಂತ ಎದ್ದು ಬಂದೆ. ಆ ರಾತ್ರಿ ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು ಮಡಚಿದೆ. ಎರಡು ಸಲ ಮಡಚಿದರೆ ನಾಲ್ಕು ಮನೆ. ಇನ್ನೊಂದು ಸಲ ಮಡಚಿದರೆ ಎಂಟು. ಹಾಳೆ ಅದೇ, ಮನೆಗಳು ಮಾತ್ರ ಸಣ್ಣದಾದವು. ಭಿನ್ನರಾಶಿ ನನ್ನ ತಲೆಗೆ ಹತ್ತಿದ್ದು ಆವತ್ತೇ. ಮುಂದಿನ ಸಲ ಹಾಳೆಯನ್ನು ಅವಳ ಕೈಗೇ ಕೊಟ್ಟು ಮಡಚಲು ಹೇಳಿದೆ. ಮಡಚಿ ನೋಡಿ, "ಓ, ಅಷ್ಟೇನಾ!" ಅಂದಳು. ಎಷ್ಟು ವರ್ಷದ ನನ್ನ ಕಷ್ಟ ಅವಳಿಗೆ "ಅಷ್ಟೇನಾ".

ಇದು ನನ್ನೊಬ್ಬಳ ಕಥೆಯಲ್ಲ. 1982ರಲ್ಲಿ ಅಮೆರಿಕದ ಮೂವರು ಸಂಶೋಧಕರು ಮಕ್ಕಳೇ ಮಕ್ಕಳಿಗೆ ಕಲಿಸುವುದರ ಬಗ್ಗೆ ನಡೆದ 65 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕಲಿತ ಮಕ್ಕಳ ಜೊತೆ ಕಲಿಸಿದ ಮಕ್ಕಳಿಗೂ ಆ ವಿಷಯ ಹೆಚ್ಚು ಅರ್ಥವಾಗಿತ್ತು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ 1984ರಲ್ಲಿ ಶುರುವಾದ ಒಂದು ಕಾರ್ಯಕ್ರಮವಂತೂ ಶಾಲೆ ಬಿಟ್ಟುಹೋಗುವ ಅಂಚಿನಲ್ಲಿದ್ದ ಮಕ್ಕಳನ್ನೇ ಆರಿಸಿ ಚಿಕ್ಕವರಿಗೆ ಕಲಿಸಲು ಹಚ್ಚಿತು. ಕಾಯುವವರು ಇದ್ದಾರೆ ಅಂದರೆ ಶಾಲೆಗೆ ಬರಬೇಕಾಗುತ್ತದೆ. ನಾನೂ ಆ ಎರಡು ದಿನ ಒಮ್ಮೆಯೂ ತಪ್ಪಿಸಲಿಲ್ಲ, ಜ್ವರ ಬಂದರೂ.

ಇನ್ನೊಂದು ವಿಷಯ. ಮೂರನೇ ವಾರದಲ್ಲಿ ಅವಳು ಲೆಕ್ಕ ಬಿಟ್ಟು ಮೆಲ್ಲಗೆ ಕೇಳಿದಳು: "ಅಕ್ಕ, ಯಾವ ಟಾಯ್ಲೆಟ್ಟಿನ ಚಿಲಕ ಸರಿ ಇದೆ?" ಮಧ್ಯಾಹ್ನದವರೆಗೂ ನೀರು ಕುಡಿಯದೆ ಕೂರುತ್ತಿದ್ದಳಂತೆ, ಪಾಪ. ಟೀಚರ್ ಹತ್ತಿರ ಇದನ್ನು ಯಾರು ಕೇಳುತ್ತಾರೆ? ಟೀಚರ್‌ಗೆ ಉತ್ತರ ಗೊತ್ತಿರುತ್ತದಾ? ನನಗೆ ಗೊತ್ತಿತ್ತು. ಎಡಗಡೆಯಿಂದ ಮೂರನೆಯದು.

ದೊಡ್ಡ ಮಕ್ಕಳು ಚಿಕ್ಕವರ ಮೇಲೆ ದರ್ಪ ತೋರಿಸುತ್ತಾರೆ ಅಂತ ಕೆಲವರಿಗೆ ಭಯ. ಹಾಗಾದರೆ ಆಟದ ಮೈದಾನಕ್ಕೂ ಬೀಗ ಹಾಕೋಣ. ಅಲ್ಲೂ ದೊಡ್ಡವರು ಚಿಕ್ಕವರು ಒಟ್ಟಿಗೇ ಇರ್ತಾರೆ, ಅಲ್ವಾ?

ಆ ಹುಡುಗಿ ಮುಂದಿನ ವರ್ಷ ಮೂರನೇ ಕ್ಲಾಸಿನ ಒಬ್ಬನಿಗೆ ಹಾಳೆ ಮಡಚಿ ತೋರಿಸುತ್ತಿದ್ದುದನ್ನು ಕಿಟಕಿಯಿಂದ ಕಂಡೆ. ಮೂರು ಸಲ ಮಡಚಿದವಳು ನಾಲ್ಕನೇ ಸಲವೂ ಮಡಚಿದಳು. ಹದಿನಾರು ಮನೆ. ಅಷ್ಟು ದೂರ ನಾನು ಹೋಗಿರಲಿಲ್ಲ.

ವಿರೋಧ: 52ರಲ್ಲಿ 38 ಕಳೆದರೆ 26

ಪರ ಪಕ್ಷ ಆಗಲೇ ಬೇರೆಯವರ ಪಾಲಾಗಿತ್ತು, ಹಾಗಾಗಿ ವಿರೋಧ ನನ್ನ ಪಾಲಿಗೆ ಬಂತು. ನಾನು ಟೀಚರ್. ನಮ್ಮ ಶಾಲೆಯಲ್ಲೂ ಈ ಪದ್ಧತಿ ಇದೆ, ಜೋಡಿಗಳ ಪಟ್ಟಿ ಮಾಡುವವಳೂ ನಾನೇ. ಆದರೂ ಒಪ್ಪಿಕೊಂಡ ಮೇಲೆ ಬರೆಯಬೇಕು.

ಮೊದಲು, ಇದು ಹರಡಿದ್ದು ಹೇಗೆ ಅಂತ ನೋಡಿ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಆಂಡ್ರ್ಯೂ ಬೆಲ್ ಎಂಬ ಬ್ರಿಟಿಷ್ ಪಾದ್ರಿ ಮದ್ರಾಸಿನ ಅನಾಥ ಬಾಲಕರ ಶಾಲೆಯಲ್ಲಿ ಮರಳಿನ ಮೇಲೆ ಅಕ್ಷರ ಬರೆಸುವ ಕೆಲಸವನ್ನು ಮಕ್ಕಳಿಗೇ ವಹಿಸಿದ. 1798ರಲ್ಲಿ ಲಂಡನ್ನಿನಲ್ಲಿ ಶಾಲೆ ತೆರೆದ ಜೋಸೆಫ್ ಲ್ಯಾಂಕಾಸ್ಟರ್ ಇದನ್ನೇ ದೊಡ್ಡದು ಮಾಡಿದ. ನೂರಾರು ಮಕ್ಕಳಿಗೆ ಒಬ್ಬರೇ ಮೇಷ್ಟ್ರು, ಉಳಿದ ಕೆಲಸವೆಲ್ಲ ಮಾನಿಟರ್‌ಗಳದ್ದು, ಅಂದರೆ ಕಲಿಸಲು ಆರಿಸಿದ ಮಕ್ಕಳದ್ದು. ಕಾರಣ ಸರಳ: ಖರ್ಚು ಕಡಿಮೆ. ತುಂಟ ಹುಡುಗರನ್ನು ಬುಟ್ಟಿಯಲ್ಲಿ ಕೂರಿಸಿ ಸೂರಿಗೆ ನೇತುಹಾಕುವ ಶಿಕ್ಷೆಯೂ ಆ ಶಾಲೆಯಲ್ಲಿತ್ತು. ಟೀಚರ್ ಹುದ್ದೆ ಖಾಲಿ ಇರುವಲ್ಲಿ "ಮಕ್ಕಳೇ ಮಕ್ಕಳಿಗೆ ಕಲಿಸಲಿ" ಅನ್ನುವ ಮಾತು ಕೇಳಿದರೆ ನನಗೆ ಆ ಬುಟ್ಟಿ ನೆನಪಾಗುತ್ತದೆ. ಸ್ವಲ್ಪ ಜಾಸ್ತಿಯಾಯಿತು, ಗೊತ್ತು.

ಎರಡನೆಯದು, ತಪ್ಪೂ ಕೈ ದಾಟುತ್ತದೆ. ಒಮ್ಮೆ ನನ್ನ ಕ್ಲಾಸಿನಲ್ಲಿ ಮೂವರು 52ರಲ್ಲಿ 38 ಕಳೆದು 26 ಅಂತ ಬರೆದಿದ್ದರು. ಮೂವರೂ ಒಂದೇ ಅಣ್ಣನ ಶಿಷ್ಯರು. ಅವನು ಹೇಳಿಕೊಟ್ಟ ಉಪಾಯ ಇದು: ಯಾವ ಸಾಲಿನಲ್ಲೇ ಆಗಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆ. ಎರಡರಲ್ಲಿ ಎಂಟು ಹೋಗಲ್ಲ, ಹಾಗಾದರೆ ಎಂಟರಲ್ಲಿ ಎರಡು ಕಳೆ. ಬಲು ಸುಲಭ! ದಶಕ ಬಿಡಿಸಿಕೊಳ್ಳುವ ಗೋಜೇ ಇಲ್ಲ. ಉತ್ತರ 14 ಅಂತ ಒಪ್ಪಿಸಲು ನನಗೆ ಮೂರು ವಾರ ಹಿಡಿಯಿತು. "ಅಣ್ಣ ಹೀಗೇ ಹೇಳಿದ್ದು" ಅನ್ನುತ್ತಿದ್ದರು. ಅಣ್ಣನ ಮುಂದೆ ಟೀಚರ್ ಯಾವ ಲೆಕ್ಕ?

ಕಲಿಸುವವರೂ ಕಲಿಯುತ್ತಾರೆ ಅನ್ನುತ್ತಾರೆ. ಕಲಿಯುತ್ತಾರೆ, ಇಲ್ಲ ಅನ್ನಲ್ಲ. ಅವನೂ ಕಲಿತ, ನಾನು ಕರೆಸಿ ಕೂರಿಸಿದ ಮೇಲೆ.

ಇನ್ನು ಜೋಡಿ ಮಾಡುವುದು. ಕೆಲವು ಕಡೆ ಹಿಂದುಳಿದವರನ್ನೇ ಕಲಿಸಲು ಆರಿಸುತ್ತಾರಂತೆ, ಸಂತೋಷ. ನಾನು ನೋಡಿದ ಕಡೆ ಪ್ರತಿ ವರ್ಷ ಅದೇ ಆರು ಜನ ಜಾಣರು, ಮಾತು ಕೇಳುವವರು. ಅವರ ಆಟದ ಪಿರಿಯಡ್ ಹೋಗುತ್ತದೆ. ಯಾರೂ ಅವರನ್ನು ಇಷ್ಟ ಇದೆಯಾ ಅಂತ ಕೇಳುವುದಿಲ್ಲ, ನಾನೂ ಕೇಳಿಲ್ಲ.

ಈ ಸೋಮವಾರ ಹೊಸ ಪಟ್ಟಿ ಹಾಕಬೇಕು. ಆ ಹುಡುಗನ ಹೆಸರು ಮತ್ತೆ ಸೇರಿಸಿದ್ದೇನೆ. ಮಕ್ಕಳಿಗೆ ಅವನೆಂದರೆ ಇಷ್ಟ. ಕಳೆಯುವ ಲೆಕ್ಕ ಮಾತ್ರ ಬೇಡ ಅಂದಿದ್ದೇನೆ.