ಶುಕ್ರವಾರ ಹೊರಟವರ ಕೊಚ್ಚಿ

ಬೆಂಗಳೂರಿನವರು ಕೊಚ್ಚಿಗೆ ಹೊರಡುವುದು ಸಾಮಾನ್ಯವಾಗಿ ಶುಕ್ರವಾರ ಒಂದು ರಜೆ ಹಾಕಿ. ಶನಿವಾರ, ಭಾನುವಾರ ಸೇರಿಸಿದರೆ ಮೂರು ದಿನ ಸಿಕ್ಕಿತಲ್ಲ ಎಂಬ ಲೆಕ್ಕ. ಲೆಕ್ಕವೇನೋ ಸರಿ, ಆದರೆ ಊರು ಒಪ್ಪಬೇಕಲ್ಲ! ಶುಕ್ರವಾರ ಮಟ್ಟಾಂಚೇರಿ ಅರಮನೆಗೆ ವಾರದ ರಜೆ. ಶನಿವಾರ ಯಹೂದಿಗಳ ವಿಶ್ರಾಂತಿಯ ದಿನ ಸಬ್ಬತ್, ಅವರ ಪ್ರಾರ್ಥನಾ ಮಂದಿರವಾದ ಪರದೇಶಿ ಸಿನಗಾಗ್‌ಗೆ ಬೀಗ. ಭಾನುವಾರ ಬೆಳಿಗ್ಗೆ ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ಪ್ರಾರ್ಥನೆ, ಕ್ಯಾಮೆರಾದವರು ಹೊರಗೆ. ಎಲ್ಲ ಧರ್ಮದವರೂ ಹೊಂದಿಕೊಂಡು ಬಾಳುವ ಊರೆಂದು ಕೇಳಿರುತ್ತೇವೆ. ರಜಾ ದಿನಗಳನ್ನೂ ಇಷ್ಟು ಅಚ್ಚುಕಟ್ಟಾಗಿ ಹಂಚಿಕೊಂಡಿದ್ದಾರೆಂದು ಯಾರೂ ಹೇಳಿರುವುದಿಲ್ಲ.

ಪರಿಹಾರ ಇದೆ. ಶುಕ್ರವಾರ ಬೆಳಿಗ್ಗೆ ಮೊದಲು ಸಿನಗಾಗ್‌ಗೆ ಹೋಗಿ. ಅಂದು ಮಧ್ಯಾಹ್ನದ ಮೇಲೆ ಅದೂ ಮುಚ್ಚುತ್ತದೆ. ಅರಮನೆ ಅಲ್ಲಿಂದ ನಾಲ್ಕು ಹೆಜ್ಜೆ, ಅದನ್ನು ಶನಿವಾರಕ್ಕಿಡಿ. ಚರ್ಚು ಶನಿವಾರ ಸಂಜೆಗೆ ಸಾಕು. ಚಡ್ಡಿ, ತೋಳಿಲ್ಲದ ಅಂಗಿ ತೊಟ್ಟು ಸಿನಗಾಗ್‌ಗೆ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. 1568ರಲ್ಲಿ ಕಟ್ಟಿದ ಮಂದಿರ. ನೆಲಕ್ಕೆ ಹಾಸಿರುವುದು ಚೀನಾದ ಕ್ಯಾಂಟನ್‌ನಿಂದ ತರಿಸಿದ ನೀಲಿ-ಬಿಳಿ ಹೆಂಚು, ಕೈಯಲ್ಲೇ ಚಿತ್ರ ಬರೆದದ್ದು. ಒಂದರಂತೆ ಇನ್ನೊಂದಿಲ್ಲ ಎಂದು ಗೈಡ್ ಹೇಳಿದ್ದೇ ತಡ, ಎಲ್ಲರೂ ತಲೆ ತಗ್ಗಿಸಿ ಒಂದೇ ಥರದ ಎರಡನ್ನು ಹುಡುಕತೊಡಗುತ್ತಾರೆ. ಮೇಲೆ ತೂಗುತ್ತಿರುವ ಗಾಜಿನ ದೀಪಗಳನ್ನು ನೋಡುವವರೇ ಇಲ್ಲ. ಚರ್ಚಿನಲ್ಲಿ ಇನ್ನೊಂದು ತಮಾಷೆ. ವಾಸ್ಕೋ ಡ ಗಾಮ 1524ರಲ್ಲಿ ಸತ್ತಾಗ ಹೂತದ್ದು ಅಲ್ಲೇ ನಿಜ, ಆಮೇಲೆ ಪೋರ್ಚುಗಲ್‌ಗೆ ಸಾಗಿಸಿದರು. ಜನ ಸರದಿಯಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುವುದು ಖಾಲಿ ಗೋರಿಯ ಜೊತೆ.

ರೈಲಿನಲ್ಲಿ ಬರುವವರ ಫಜೀತಿ ಬೇರೆ. ಕೊಚ್ಚಿಯ ಒಳನಾಡಿನ ಭಾಗವಾದ ಎರ್ನಾಕುಲಂನಲ್ಲಿ ಎರ್ನಾಕುಲಂ ಜಂಕ್ಷನ್, ಎರ್ನಾಕುಲಂ ಟೌನ್ ಎಂದು ಎರಡು ನಿಲ್ದಾಣ. ಊರಿನವರು ಮೊದಲನೆಯದನ್ನು ಸೌತ್, ಎರಡನೆಯದನ್ನು ನಾರ್ತ್ ಎನ್ನುತ್ತಾರೆ. ಬರುವಾಗ ತೊಂದರೆಯಿಲ್ಲ, ರೈಲು ಎಲ್ಲಿಳಿಸಿದರೆ ಅಲ್ಲಿ. ವಾಪಸ್ ಹೋಗುವಾಗ ಟಿಕೆಟ್ಟಿನಲ್ಲಿ ‘ಟೌನ್’ ಎಂದಿರುತ್ತದೆ, ಆಟೋದವರಿಗೆ ಬರೀ ‘ರೈಲ್ವೆ ಸ್ಟೇಷನ್’ ಎನ್ನುತ್ತೀರಿ, ಅವರು ಸೌತಿಗೆ ಬಿಡುತ್ತಾರೆ. ಅಂದಹಾಗೆ, ಬೆಂಗಳೂರಿನ ಕನ್ಯಾಕುಮಾರಿ ಎಕ್ಸ್‌ಪ್ರೆಸ್ಸನ್ನು ಹಳಬರು ಇವತ್ತಿಗೂ ಐಲ್ಯಾಂಡ್ ಎಕ್ಸ್‌ಪ್ರೆಸ್ ಎನ್ನುವುದು ಅದು ಹಿಂದೆ ಇಲ್ಲಿನ ವಿಲ್ಲಿಂಗ್ಡನ್ ದ್ವೀಪದವರೆಗೆ ಓಡುತ್ತಿದ್ದುದರಿಂದ. ಆ ದ್ವೀಪವೂ ಬಹುಪಾಲು ದೇವರು ಮಾಡಿದ್ದಲ್ಲ. ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಬಂದರಿಗಾಗಿ ಹೂಳೆತ್ತಿಸಿ, ಆ ಮಣ್ಣನ್ನೇ ಸುರಿಸಿ ಮಾಡಿಸಿದ್ದು.

ನೀರಿನ ಮೇಲಂತೂ ಹಾದಿ ತಪ್ಪಲು ಬೇಕಾದಷ್ಟು ಅವಕಾಶವಿದೆ. ಸರ್ಕಾರಿ ಬೋಟು ಒಂದು ಲೋಟ ಕಾಫಿಗಿಂತ ಅಗ್ಗ. 2023ರ ಏಪ್ರಿಲ್‌ನಲ್ಲಿ ಶುರುವಾದ ವಾಟರ್ ಮೆಟ್ರೋ ಎಸಿ ಬೋಟು. ಮೂರನೆಯದು ಕಾರು, ಬೈಕುಗಳನ್ನೂ ಹೊತ್ತು ಸಾಗುವ ರೋ-ರೋ. ಚರ್ಚು, ಚೀನಾ ಬಲೆಗಳಿರುವ ಫೋರ್ಟ್ ಕೊಚ್ಚಿಯಲ್ಲಿ ಇದು ಎರ್ನಾಕುಲಂಗೇ ಹೋಗುತ್ತದೆಂದು ನಂಬಿ ಹತ್ತಿದವರು ಕೆಲವೇ ನಿಮಿಷಗಳಲ್ಲಿ ಎದುರು ದಡದ ವೈಪಿನ್‌ನಲ್ಲಿ ಇಳಿದು ಕಣ್ಣು ಬಿಡುತ್ತಾರೆ. ಗಾಬರಿ ಬೇಡ, ವೈಪಿನ್‌ನಿಂದ ಹೈಕೋರ್ಟ್ ಜೆಟ್ಟಿಗೆ ವಾಟರ್ ಮೆಟ್ರೋ ಇದೆ. ಗಾಬರಿಯಾಗಬೇಕಾದದ್ದು ಸೂರ್ಯ ಮುಳುಗಿದ ಮೇಲೆ ಫೋರ್ಟ್ ಕೊಚ್ಚಿಯಿಂದ ಹಿಂದಿರುಗುವಾಗ. ಮೆಟ್ರೋ ಬೋಟಿಗೆ ಹತ್ತಿಸುವುದು 100 ಜನರನ್ನು. ಗೇಟಿನಲ್ಲಿ ಎಣಿಕೆ ಮುಗಿದರೆ ಮುಗಿಯಿತು, ‘ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳಿ’ ಅಲ್ಲಿ ನಡೆಯುವುದಿಲ್ಲ. ಯಜಮಾನರು ತೊಂಬತ್ತೊಂಬತ್ತನೆಯವರಾಗಿ ಒಳಗೆ, ಯಜಮಾನತಿ ನೂರಾ ಒಂದನೆಯವರಾಗಿ ಹೊರಗೆ, ಲಾಡ್ಜಿನ ಕೀಲಿ ಯಾರ ಬಳಿ ಎಂಬ ವಿಚಾರಣೆ ಗೇಟಿನ ಎರಡೂ ಕಡೆಯಿಂದ ಕೇಳುತ್ತಿರುತ್ತದೆ. ಮುಸ್ಸಂಜೆಯ ಫೋಟೋ ತ್ಯಾಗ ಮಾಡಿ ಸ್ವಲ್ಪ ಮೊದಲೇ ಹೊರಡುವುದು ವಾಸಿ.

ಚೀನಾ ಬಲೆ ನೋಡದೆ ಬರುವಂತಿಲ್ಲ. ತೇಗ, ಬಿದಿರಿನ ದೈತ್ಯ ಏತ. ಒಂದು ತುದಿಗೆ ಬಲೆ, ಇನ್ನೊಂದು ತುದಿಗೆ ಹಗ್ಗದಲ್ಲಿ ಕಟ್ಟಿದ ಕಲ್ಲುಗುಂಡುಗಳು. ನಾಲ್ಕೈದು ಜನ ಸೇರಿ ಇಳಿಸಿ, ಕೆಲವು ನಿಮಿಷ ಬಿಟ್ಟು ಎತ್ತುತ್ತಾರೆ. ನಿಮ್ಮನ್ನೂ ಹಗ್ಗ ಎಳೆಯಲು ಕರೆದರೆ ಅದು ಪ್ರೀತಿಯೂ ಹೌದು, ಕೂಲಿಯೂ ಹೌದು; ಕೂಲಿ ಕೊಡಬೇಕಾದವರು ನೀವು. ಮಳೆಗಾಲದಲ್ಲಿ ಹಿನ್ನೀರು ಸಿಹಿಯಾಗಿ ಅಂತರಗಂಗೆ ತೇಲಿ ಬರುತ್ತದೆ, ಆಗ ಬಲೆಗೆ ಮೀನಿಗಿಂತ ಸೊಪ್ಪೇ ಹೆಚ್ಚು. ಬೇಸಗೆಯಲ್ಲಿ ನೀರು ಉಪ್ಪೇರಿದ ಮೇಲೆ ಅದು ಸಾಯುತ್ತದೆ. ಪಕ್ಕದ ಅಂಗಡಿಗಳಲ್ಲಿ ಮೀನು ಆರಿಸಿ ಬೇಯಿಸಿಕೊಡಲು ಹೇಳಬಹುದು. ಮೀನಿನ ಬೆಲೆ ಬೇರೆ, ಬೇಯಿಸುವ ಕೂಲಿ ಬೇರೆ, ತೂಕ ಮಾಡುವುದು ಸ್ವಚ್ಛ ಮಾಡುವ ಮುಂಚೆ. ಈ ಮೂರನ್ನೂ ಕೇಳದೆ ಕುಳಿತವರು ಬಿಲ್ಲು ಬಂದಾಗ ಕರಿಮೀನಿನ ಮುಳ್ಳು ಗಂಟಲಿಗೆ ಸಿಕ್ಕವರ ಮುಖ ಮಾಡುತ್ತಾರೆ.

ಕೊನೆಗೆ ಆಟೋ. ಊರೆಲ್ಲ ತೋರಿಸುತ್ತೇನೆ, ನೀವು ಕೊಟ್ಟಷ್ಟು ಕೊಡಿ ಎಂದರೆ ನಡುವೆ ಎರಡು ಮಸಾಲೆ ಅಂಗಡಿ, ಒಂದು ಕರಕುಶಲ ಮಳಿಗೆ ಸೇರಿವೆ ಎಂದೇ ಅರ್ಥ. ಏನೂ ಕೊಳ್ಳದಿದ್ದರೂ ಹತ್ತು ನಿಮಿಷ ಒಳಗೆ ನಿಂತರೆ ಚಾಲಕನಿಗೆ ಕಮಿಷನ್ನೋ ಪೆಟ್ರೋಲ್ ಕೂಪನ್ನೋ ಸಿಗುತ್ತದೆ. ಆದರೆ ಮಟ್ಟಾಂಚೇರಿಯ ಶುಂಠಿ, ಲವಂಗದ ಘಮಕ್ಕೆ ಸಿಕ್ಕವರು ಬರಿಗೈಯಲ್ಲಿ ಬರುವುದುಂಟೇ? ಅರ್ಧ ಕಿಲೋ ಕಾಳುಮೆಣಸು ಚೀಲಕ್ಕೆ ಬಿದ್ದೇ ಬೀಳುತ್ತದೆ. ದೇಶದಲ್ಲಿ ಈಗ ಅತಿ ಹೆಚ್ಚು ಮೆಣಸು ಬೆಳೆಯುವುದು ಕರ್ನಾಟಕ. ಕೊಡಗಿನ ಮೆಣಸು ಕೊಚ್ಚಿಯ ಪೇಟೆಗೂ ಬರುತ್ತದೆ. ಹೀಗಾಗಿ ಮಡಿಕೇರಿಯ ನೆಂಟರು ಪುಕ್ಕಟೆ ಕೊಡುತ್ತಿದ್ದ ಮೆಣಸೇ ಐನೂರು ಚಿಲ್ಲರೆ ಕಿಲೋಮೀಟರ್ ಲಗೇಜಿನಲ್ಲಿ ಕುಳಿತು ಬೆಂಗಳೂರಿಗೆ ಬಂದರೂ ಬರಬಹುದು.